ಫೀನಿಕ್ಸ್‌ನಲ್ಲಿ ಮನೆ ಎಲ್ಲಿ ಮಾಡಬೇಕು? ಮರುಭೂಮಿಯ ಮಹಾನಗರದಲ್ಲಿ ಬಡಾವಣೆ ಆರಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಅರಿಜೋನಾದ ಫೀನಿಕ್ಸ್‌ಗೆ ಕೆಲಸದ ಮೇಲೆ ಬರುವ ನಮ್ಮವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಜನವರಿಯಲ್ಲೋ ಫೆಬ್ರವರಿಯಲ್ಲೋ ಬಂದು ಊರು ನೋಡುತ್ತಾರೆ. ಆಗ ಹವೆ ಹಿತವಾಗಿರುತ್ತದೆ, ಎಲ್ಲ ಬಡಾವಣೆಯೂ ಚೆಂದ ಕಾಣುತ್ತದೆ. ಮನೆಯ ಫೋಟೊ, ಬಾಡಿಗೆ, ಹತ್ತಿರದ ಇಂಡಿಯನ್ ಅಂಗಡಿ ಇಷ್ಟನ್ನು ನೋಡಿ ಒಂದು ವರ್ಷದ ಲೀಸ್‌ಗೆ ಸಹಿ ಹಾಕುತ್ತಾರೆ. ಜುಲೈ ಬರುವ ಹೊತ್ತಿಗೆ ಆಫೀಸು ಒಂದು ಮೂಲೆ, ಶಾಲೆ ಇನ್ನೊಂದು ಮೂಲೆ, ಮನೆಯ ಹಿಂಭಾಗಕ್ಕೆ ಮಧ್ಯಾಹ್ನ ಕಾಲಿಡಲಾಗದ ಝಳ, ಕೈಗೆ ಬಂದ ಕರೆಂಟ್ ಬಿಲ್ಲು ಅಂದಾಜಿನ ಎರಡರಷ್ಟು.

ತಪ್ಪು ಇರುವುದು ಕ್ರಮದಲ್ಲಿ. ಈ ಊರಿನಲ್ಲಿ ಮನೆಯನ್ನು ಮೊದಲು ನೋಡಬಾರದು, ಕೊನೆಗೆ ನೋಡಬೇಕು. ಮೊದಲು ಕೆಲಸದ ಜಾಗ, ಆಮೇಲೆ ದಿಕ್ಕು, ಆಮೇಲೆ ಶಾಲೆಯ ಗಡಿ, ನೀರು, ಕರೆಂಟ್. ಇವೆಲ್ಲ ಸೋಸಿದ ಮೇಲೆ ಉಳಿಯುವ ಮೂರ್ನಾಲ್ಕು ಬಡಾವಣೆಗಳಲ್ಲಿ ಮಾತ್ರ ಮನೆ ಹುಡುಕಿ. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ಬಾಡಿಗೆಗೆ ಬರುವವರು ಐದನೆಯ ಹಂತವನ್ನು ಬಿಡಬಹುದು. ಕೊಳ್ಳುವವರು ಯಾವುದನ್ನೂ ಬಿಡುವಂತಿಲ್ಲ.

ಹೊರಡುವ ಮುನ್ನ ಕೈಯಲ್ಲಿರಬೇಕಾದವು

ಫೋನಿನಲ್ಲಿ ನಕ್ಷೆಯ ಆ್ಯಪ್, ಅದರಲ್ಲಿ ಹೊರಡುವ ಸಮಯ ನಮೂದಿಸಿ ದಾರಿ ನೋಡುವ ಅಭ್ಯಾಸ. ದಿಕ್ಸೂಚಿ, ಅದೂ ಫೋನಿನಲ್ಲೇ ಇರುತ್ತದೆ. ಅಡುಗೆಮನೆಯಲ್ಲಿ ಬಳಸುವ ಡಿಜಿಟಲ್ ಥರ್ಮಾಮೀಟರ್. ಅಲ್ಟ್ರಾವಯೊಲೆಟ್ ಟಾರ್ಚ್, ಹಾರ್ಡ್‌ವೇರ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಒಂದು ನೋಟ್‌ಬುಕ್. ಇವುಗಳಲ್ಲಿ ಯಾವುದು ಎಲ್ಲಿ ಬೇಕೆಂಬುದು ಮುಂದೆ ಬರುತ್ತದೆ.

## 1. ಕೆಲಸದ ಜಾಗದ ವಿಳಾಸ ಖಚಿತ ಮಾಡಿಕೊಳ್ಳಿ

‘ಫೀನಿಕ್ಸ್‌ನಲ್ಲಿ ಕೆಲಸ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಇಲ್ಲಿಯವರು ‘ವ್ಯಾಲಿ’ ಎಂದು ಕರೆಯುವ ಈ ಪ್ರದೇಶದಲ್ಲಿ ಹತ್ತಾರು ಊರುಗಳು ಬೆಸೆದುಕೊಂಡಿವೆ. ಸುಮಾರು 50 ಲಕ್ಷ ಜನರಿದ್ದಾರೆ. ಇಂಟೆಲ್‌ನ ಒಕೊಟಿಯೊ ಕ್ಯಾಂಪಸ್ ಇರುವುದು ಆಗ್ನೇಯದಲ್ಲಿ, ಚಾಂಡ್ಲರ್‌ನ ದಕ್ಷಿಣ ತುದಿಗೆ. ಟಿಎಸ್‌ಎಂಸಿ ಕಾರ್ಖಾನೆ ಇರುವುದು ಉತ್ತರ ಫೀನಿಕ್ಸ್‌ನಲ್ಲಿ, ಐ-17 ಮತ್ತು ಲೂಪ್ 303 ರಸ್ತೆಗಳು ಕೂಡುವ ಕಡೆ. ಎರಡರ ನಡುವೆ 40 ಮೈಲಿಗೂ ಹೆಚ್ಚು ದೂರ. ‘ಇಬ್ಬರೂ ಚಿಪ್ ಕಂಪನಿಯವರೇ, ಅಕ್ಕಪಕ್ಕ ಮನೆ ಮಾಡೋಣ’ ಎಂದು ಸ್ನೇಹಿತರ ಮಾತಿಗೆ ಚಾಂಡ್ಲರ್‌ನಲ್ಲಿ ಮನೆ ಹಿಡಿದು ಟಿಎಸ್‌ಎಂಸಿಗೆ ಓಡಾಡುವವರು ದಿನಕ್ಕೆ ಎರಡು ಗಂಟೆಗೂ ಮೀರಿ ಕಾರಿನಲ್ಲಿ ಕಳೆಯುತ್ತಾರೆ.

ಆಫರ್ ಪತ್ರದಲ್ಲಿ ಕಂಪನಿಯ ಪ್ರಧಾನ ಕಚೇರಿಯ ವಿಳಾಸವಿದ್ದರೆ ಅದನ್ನು ನಂಬಿ ಕೂರಬೇಡಿ. ಯಾವ ಕ್ಯಾಂಪಸ್, ಯಾವ ಕಟ್ಟಡ, ವಾರಕ್ಕೆ ಎಷ್ಟು ದಿನ ಹೋಗಬೇಕು, ಶಿಫ್ಟ್ ಇದೆಯೇ ಎಂದು ಮ್ಯಾನೇಜರನ್ನು ಕೇಳಿ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಕನ್ಸಲ್ಟಿಂಗ್ ಕಂಪನಿಯ ಮೂಲಕ ಬರುವವರು ಪ್ರಾಜೆಕ್ಟ್ ಎಷ್ಟು ತಿಂಗಳದ್ದು ಎಂಬುದನ್ನೂ ಕೇಳಬೇಕು. ಪ್ರಾಜೆಕ್ಟ್ ಬದಲಾಗುವ ಸಾಧ್ಯತೆ ಇದ್ದರೆ ಮೂಲೆಯ ಊರುಗಳನ್ನು ಬಿಟ್ಟು ಟೆಂಪಿಯಂಥ ನಡುವಿನ ಜಾಗ ಆರಿಸುವುದು ಕ್ಷೇಮ.

ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ಎರಡೂ ವಿಳಾಸಗಳನ್ನು ನಕ್ಷೆಯಲ್ಲಿ ಗುರುತು ಮಾಡಿ. ಮಕ್ಕಳನ್ನು ಶಾಲೆಯಿಂದ ಕರೆತರುವವರು ಯಾರೋ ಅವರ ಆಫೀಸಿಗೆ ಮನೆ ಹತ್ತಿರವಿರಲಿ.

## 2. ದಿಕ್ಕು ನಿರ್ಧರಿಸಿ

ಇಲ್ಲಿ ದೂರವನ್ನು ಮೈಲಿಯಲ್ಲಿ ಲೆಕ್ಕ ಹಾಕಬೇಡಿ, ಬೆಳಗ್ಗೆ ಏಳೂವರೆಯ ಮತ್ತು ಸಂಜೆ ಐದರ ನಿಮಿಷಗಳಲ್ಲಿ ಹಾಕಿ. ಮಂಗಳವಾರ ಅಥವಾ ಬುಧವಾರದ ಸಂಚಾರ ನೋಡಿ. ಶುಕ್ರವಾರದ ರಸ್ತೆ ನಂಬಿಸಿ ಮೋಸ ಮಾಡುತ್ತದೆ.

ಸೂರ್ಯನ ವಿಚಾರ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಮನೆ ಪಶ್ಚಿಮಕ್ಕೂ ಆಫೀಸು ಪೂರ್ವಕ್ಕೂ ಇದ್ದರೆ ಬೆಳಗ್ಗೆ ಹೋಗುವಾಗಲೂ ಸಂಜೆ ಬರುವಾಗಲೂ ಸೂರ್ಯ ನೇರ ಕಣ್ಣಿಗೆ. ಮನೆ ಪೂರ್ವಕ್ಕಿದ್ದರೆ ಎರಡು ಹೊತ್ತೂ ಸೂರ್ಯ ಬೆನ್ನಿಗೆ. ಮೋಡವೇ ಅಪರೂಪವಾದ ಈ ಊರಿನಲ್ಲಿ ಇದು ವರ್ಷವಿಡೀ ನಡೆಯುವ ಮಾತು, ಅಪಘಾತಕ್ಕೂ ದಾರಿ. ಎರಡು ಬಡಾವಣೆಗಳು ಉಳಿದೆಲ್ಲದರಲ್ಲಿ ಸಮ ಎನಿಸಿದರೆ ಆಫೀಸಿನ ಪೂರ್ವಕ್ಕಿರುವುದನ್ನೇ ಹಿಡಿಯಿರಿ ಎನ್ನುತ್ತೇನೆ.

ನಗರದ ನಡುವೆ ಮನೆ ನೋಡುವವರು ರಸ್ತೆಯ ಹೆಸರನ್ನು ಎರಡು ಸಲ ಓದಿ. ಸೆಂಟ್ರಲ್ ಅವೆನ್ಯೂವಿನ ಪಶ್ಚಿಮಕ್ಕೆ ಸಂಖ್ಯೆಯ ಮುಖ್ಯ ರಸ್ತೆಗಳು ಅವೆನ್ಯೂ, ಪೂರ್ವಕ್ಕೆ ಸ್ಟ್ರೀಟ್. 35ನೇ ಅವೆನ್ಯೂ ಬೇರೆ, 35ನೇ ಸ್ಟ್ರೀಟ್ ಬೇರೆ. ನಡುವೆ ಅರ್ಧ ನಗರವಿದೆ. 7ನೇ ಅವೆನ್ಯೂ ಮತ್ತು 7ನೇ ಸ್ಟ್ರೀಟ್‌ನಲ್ಲಿ ದಟ್ಟಣೆಯ ಹೊತ್ತು ನಡುವಿನ ಲೇನ್ ದಿಕ್ಕು ಬದಲಿಸುತ್ತದೆ, ಆಗ ಎಡಕ್ಕೆ ತಿರುಗುವಂತಿಲ್ಲ.

ಕಾರಿಲ್ಲದೆ ಬದುಕಬಹುದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಲೈಟ್ ರೈಲ್ ಮಾರ್ಗ ಮೇಸಾ, ಟೆಂಪಿ, ಫೀನಿಕ್ಸ್ ನಡುವೆ ಓಡುತ್ತದೆ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಟೆಂಪಿ ಕ್ಯಾಂಪಸ್ಸಿಗೆ ಓದಲು ಬರುವವರು ನಿಲ್ದಾಣಕ್ಕೆ ನಡೆದುಹೋಗುವ ದೂರದಲ್ಲಿ ಕೋಣೆ ಹಿಡಿದರೆ ಆದೀತು. ಚಾಂಡ್ಲರ್, ಗಿಲ್ಬರ್ಟ್‌ಗಳಿಗೆ ಈ ರೈಲಿಲ್ಲ.

## 3. ಆ ದಿಕ್ಕಿನ ಊರುಗಳನ್ನು ಪಟ್ಟಿ ಮಾಡಿ

ಆಗ್ನೇಯ: ಚಾಂಡ್ಲರ್, ಗಿಲ್ಬರ್ಟ್, ಟೆಂಪಿ, ಮೇಸಾ, ಅವಾಟೂಕಿ. ನಮ್ಮವರು ಹೆಚ್ಚಾಗಿ ನೆಲೆಸಿರುವುದು ಇಲ್ಲೇ. ದಿನಸಿ ಅಂಗಡಿ, ದೋಸೆ ಹೋಟೆಲು, ಸಂಗೀತ-ಭರತನಾಟ್ಯದ ಪಾಠ ಎಲ್ಲವೂ ಹತ್ತಿರ. ಉಡುಪಿಯ ಪುತ್ತಿಗೆ ಮಠಕ್ಕೆ ಸೇರಿದ ಶ್ರೀ ವೆಂಕಟಕೃಷ್ಣ ಕ್ಷೇತ್ರ ಟೆಂಪಿಯಲ್ಲಿದೆ. ಅವಾಟೂಕಿ ಎಂಬುದು ಪ್ರತ್ಯೇಕ ಊರಲ್ಲ, ಫೀನಿಕ್ಸ್ ನಗರಕ್ಕೇ ಸೇರಿದ್ದು, ಸೌತ್ ಮೌಂಟನ್‌ನ ಆಚೆ ಬದಿಗೆ ಕೂತಿದೆ. ಟೆಂಪಿಯ ಉತ್ತರ ಭಾಗ ವಿಮಾನಗಳ ದಾರಿಯ ಕೆಳಗಿದೆ, ಸದ್ದನ್ನು ಕಿವಿಯಾರೆ ಕೇಳಿಯೇ ತೀರ್ಮಾನಿಸಿ.

ಉತ್ತರ: ನಾರ್ಟೆರಾ, ಡಿಯರ್ ವ್ಯಾಲಿ, ಆಂಥೆಮ್, ಪಿಯೋರಿಯಾದ ವಿಸ್ಟಾನ್ಸಿಯಾ. ಟಿಎಸ್‌ಎಂಸಿಯವರಿಗೆ ಇವೇ ಸರಿ. ಆಂಥೆಮ್ ಎತ್ತರದಲ್ಲಿರುವುದರಿಂದ ರಾತ್ರಿ ತುಸು ತಂಪು. ಆದರೆ ಐ-17 ಒಂದೇ ಹೆದ್ದಾರಿಗೆ ಅದು ಜೋತುಬಿದ್ದಿದೆ. ಅಲ್ಲೊಂದು ಅಪಘಾತವಾದರೆ ಸುತ್ತಿ ಹೋಗಲು ಒಳ್ಳೆಯ ದಾರಿಯಿಲ್ಲ.

ಈಶಾನ್ಯ: ಸ್ಕಾಟ್ಸ್‌ಡೇಲ್, ಡೆಸರ್ಟ್ ರಿಡ್ಜ್. ದುಬಾರಿ. ಮೇಯೊ ಕ್ಲಿನಿಕ್‌ನ ಆಸ್ಪತ್ರೆಯೋ ಅಲ್ಲಿನ ಆಫೀಸುಗಳೋ ಕೆಲಸದ ಜಾಗವಾಗಿದ್ದರೆ ನೋಡಿ.

ಪಶ್ಚಿಮ: ಗ್ಲೆಂಡೇಲ್, ಸರ್ಪ್ರೈಸ್, ಗುಡ್‌ಇಯರ್, ಬಕೈ. ಅದೇ ಹಣಕ್ಕೆ ದೊಡ್ಡ ಮನೆ ಸಿಗುತ್ತದೆ. ಕೆಲಸ ಪೂರ್ವದಲ್ಲಿದ್ದರೆ ಮೇಲೆ ಹೇಳಿದ ಸೂರ್ಯನ ಕಾಟವೂ ಐ-10ರ ದಟ್ಟಣೆಯೂ ಜೊತೆಗೆ ಬರುತ್ತವೆ.

ಅಂಚು: ಕ್ವೀನ್ ಕ್ರೀಕ್, ಸ್ಯಾನ್ ಟ್ಯಾನ್ ವ್ಯಾಲಿ, ಮ್ಯಾರಿಕೋಪಾ. ಮ್ಯಾರಿಕೋಪಾ ಎಂಬ ಊರು ಫೀನಿಕ್ಸ್ ಇರುವ ಮ್ಯಾರಿಕೋಪಾ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಇಲ್ಲ, ಪಕ್ಕದ ಪಿನಾಲ್ ಕೌಂಟಿಯಲ್ಲಿದೆ. ಅಲ್ಲಿ ಮಹಾಗಣಪತಿ ದೇವಸ್ಥಾನವಿದೆ, ಮನೆಯ ಬೆಲೆಯೂ ಕಡಿಮೆ. ಆದರೆ ಫೀನಿಕ್ಸ್ ಕಡೆಗೆ ಹೋಗಿಬರುವವರೆಲ್ಲ ಹೆಚ್ಚಾಗಿ ನೆಚ್ಚಿಕೊಂಡಿರುವುದು ಗಿಲಾ ನದಿ ಇಂಡಿಯನ್ ಸಮುದಾಯದ (ಅಮೆರಿಕದ ಮೂಲನಿವಾಸಿಗಳ) ನೆಲವನ್ನು ಹಾದುಹೋಗುವ ಎಸ್‌ಆರ್ 347 ಎಂಬ ಒಂದೇ ರಸ್ತೆಯನ್ನು. ಕೆಲಸದ ದಿನ ಬೆಳಗ್ಗೆ ಆ ರಸ್ತೆಯಲ್ಲಿ ಒಮ್ಮೆ ಓಡಿಸಿ ನೋಡದೆ ಅಲ್ಲಿ ಮುಂಗಡ ಕೊಡಬೇಡಿ.

ಅಂಚೆ ವಿಳಾಸದ ಊರಿನ ಹೆಸರು ಆಡಳಿತದ ಊರೇ ಆಗಿರಬೇಕೆಂದಿಲ್ಲ. ಲಿಸ್ಟಿಂಗ್‌ನಲ್ಲಿ, ಅಂದರೆ ಮನೆಯ ಜಾಹೀರಾತಿನಲ್ಲಿ, ಕ್ವೀನ್ ಕ್ರೀಕ್ ಎಂದಿರುವ ಮನೆ ಸ್ಯಾನ್ ಟ್ಯಾನ್ ವ್ಯಾಲಿಯದ್ದಾಗಿರಬಹುದು, ಸ್ಕಾಟ್ಸ್‌ಡೇಲ್ ಎಂದಿರುವುದು ಯಾವ ನಗರಸಭೆಗೂ ಸೇರದೆ ಇರಬಹುದು. ಊರುಗಳ ನಡುವೆ ಹೀಗೆ ಯಾವ ನಗರಕ್ಕೂ ಸೇರದ, ‘ಕೌಂಟಿ ಐಲೆಂಡ್’ ಎನ್ನುವ ತುಂಡುಗಳೂ ಉಳಿದಿವೆ. ಅಂಥ ಕೆಲವು ಕಡೆ ಅಗ್ನಿಶಾಮಕ ಸೇವೆಗೆ ಖಾಸಗಿ ಕಂಪನಿಗೆ ವಾರ್ಷಿಕ ಚಂದಾ ಕಟ್ಟಬೇಕು. ತೆರಿಗೆಗಾಗಿ ಆಸ್ತಿಯ ಮೌಲ್ಯ ಕಟ್ಟುವ ಕೌಂಟಿ ಅಸೆಸರ್ ಕಚೇರಿಯ ಆನ್‌ಲೈನ್ ನಕ್ಷೆಯಲ್ಲಿ ವಿಳಾಸ ಹಾಕಿದರೆ ಮನೆ ಯಾರ ವ್ಯಾಪ್ತಿಯದು ಎಂದು ತಿಳಿಯುತ್ತದೆ.

## 4. ಶಾಲೆಯ ಗಡಿ ಪರೀಕ್ಷಿಸಿ

ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಗೆ ಇಲ್ಲಿ ಶಾಲಾ ಡಿಸ್ಟ್ರಿಕ್ಟ್ ಎನ್ನುತ್ತಾರೆ. ಅದರ ಗಡಿಗೂ ಊರಿನ ಗಡಿಗೂ ಇಲ್ಲಿ ತಾಳಮೇಳವಿಲ್ಲ. ಚಾಂಡ್ಲರ್‌ನಲ್ಲಿ ಮನೆ ಇದ್ದಮಾತ್ರಕ್ಕೆ ಮಗು ಚಾಂಡ್ಲರ್ ಯೂನಿಫೈಡ್ ಎಂಬ ಡಿಸ್ಟ್ರಿಕ್ಟ್‌ನ ಶಾಲೆಗೆ ಹೋಗುತ್ತದೆ ಎಂದಲ್ಲ. ಪಶ್ಚಿಮ ಚಾಂಡ್ಲರ್‌ನ ಬಹುಭಾಗ ಕೈರೀನ್ ಡಿಸ್ಟ್ರಿಕ್ಟ್‌ಗೆ ಸೇರಿದೆ; ಅದು 8ನೇ ತರಗತಿಯವರೆಗೆ ಮಾತ್ರ, ಹೈಸ್ಕೂಲು ಟೆಂಪಿ ಯೂನಿಯನ್ ಎಂಬ ಇನ್ನೊಂದು ಡಿಸ್ಟ್ರಿಕ್ಟ್‌ಗೆ. ಇನ್ನೊಂದು ಕಡೆ, ಪೆರಿ ಹೈಸ್ಕೂಲು ಇರುವುದು ಗಿಲ್ಬರ್ಟ್‌ನಲ್ಲಿ, ನಡೆಸುವುದು ಚಾಂಡ್ಲರ್ ಯೂನಿಫೈಡ್.

ಮಾಡಬೇಕಾದ್ದು ಇಷ್ಟು. ರಿಯಲ್ ಎಸ್ಟೇಟ್ ಆ್ಯಪ್ ತೋರಿಸುವ ಶಾಲೆಯ ಹೆಸರನ್ನು ಬದಿಗಿಡಿ. ಡಿಸ್ಟ್ರಿಕ್ಟ್‌ನ ಅಧಿಕೃತ ವೆಬ್‌ಸೈಟಿನಲ್ಲಿ ಮನೆಯ ಸಂಖ್ಯೆಸಹಿತ ವಿಳಾಸ ಹಾಕಿ ನೋಡಿ. ಆಮೇಲೆ ಶಾಲೆಗೇ ಫೋನ್ ಮಾಡಿ ಆ ತರಗತಿಯಲ್ಲಿ ಜಾಗವಿದೆಯೇ, ಆ ಬೀದಿಗೆ ಬಸ್ ಬರುತ್ತದೆಯೇ ಎಂದು ಕೇಳಿ.

ಅರಿಜೋನಾದಲ್ಲಿ ಓಪನ್ ಎನ್‌ರೋಲ್‌ಮೆಂಟ್ ಇದೆ. ಜಾಗವಿದ್ದರೆ ಗಡಿಯಾಚೆಯ ಸರ್ಕಾರಿ ಶಾಲೆಗೂ ಸೇರಿಸಬಹುದು. ಬೇಸಿಸ್, ಗ್ರೇಟ್ ಹಾರ್ಟ್ಸ್‌ನಂಥ ಚಾರ್ಟರ್ ಶಾಲೆಗಳಿಗೆ (ಸರ್ಕಾರದ ಹಣದಲ್ಲಿ, ಡಿಸ್ಟ್ರಿಕ್ಟ್‌ನ ಹೊರಗೆ ನಡೆಯುವಂಥವು) ಶುಲ್ಕವಿಲ್ಲ, ಗಡಿಯೂ ಇಲ್ಲ. ಅರ್ಜಿ ಹೆಚ್ಚಾದಾಗ ಲಾಟರಿ ಎತ್ತುತ್ತಾರೆ. ಇವನ್ನು ನಂಬಿ ‘ಎಲ್ಲಿದ್ದರೇನು’ ಎಂದು ದೂರ ಮನೆ ಮಾಡಬೇಡಿ: ಗಡಿಯಾಚೆಯ ಮಗುವಿಗೆ ಸಾಮಾನ್ಯವಾಗಿ ಬಸ್ ಸಿಗುವುದಿಲ್ಲ, ದಿನಕ್ಕೆರಡು ಸಲ ನೀವೇ ಓಡಿಸಬೇಕು.

ಚಾಂಡ್ಲರ್ ಯೂನಿಫೈಡ್‌ನಂಥ ಡಿಸ್ಟ್ರಿಕ್ಟ್‌ಗಳಲ್ಲಿ ಶಾಲೆ ಜುಲೈ ತಿಂಗಳಲ್ಲೇ ಶುರುವಾಗುತ್ತದೆ. ಆಗಸ್ಟ್ ಕೊನೆಗೆ ಬಂದರಾಯಿತು ಎಂದು ಟಿಕೆಟ್ ತೆಗೆಸಿದವರ ಮಕ್ಕಳು ತಿಂಗಳ ಪಾಠ ಕಳೆದುಕೊಳ್ಳುತ್ತಾರೆ. ಜುಲೈ ಎಂದರೆ ಉರಿಬಿಸಿಲು ಕೂಡ. ‘ಶಾಲೆ ಅರ್ಧ ಮೈಲಿ, ನಡೆದೇ ಬರುತ್ತಾನೆ’ ಎನ್ನುವ ಲೆಕ್ಕ ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ನಡೆಯದು. ದಾರಿಯಲ್ಲಿ ಮರದ ನೆರಳಿದೆಯೇ ಎಂದು ನೋಡಿ.

ಮಕ್ಕಳ ಸಂಖ್ಯೆ ಇಳಿದ ಹಳೆಯ ಬಡಾವಣೆಗಳಲ್ಲಿ ಶಾಲೆ ಮುಚ್ಚುವುದೂ ಉಂಟು. ಪ್ಯಾರಡೈಸ್ ವ್ಯಾಲಿ ಯೂನಿಫೈಡ್ 2024ರಲ್ಲಿ ಮೂರು ಶಾಲೆಗಳನ್ನು ಮುಚ್ಚಲು ನಿರ್ಧರಿಸಿತು. ಶಾಲೆಯ ಹೆಸರು ನೋಡಿಯೇ ಮನೆ ಕೊಳ್ಳುವವರು ಡಿಸ್ಟ್ರಿಕ್ಟ್ ಮಂಡಳಿಯ ಇತ್ತೀಚಿನ ಸಭೆಗಳ ವರದಿಗಳನ್ನು ಓದಲೇಬೇಕು.

## 5. ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ

ವರ್ಷಕ್ಕೆ ಏಳೆಂಟು ಅಂಗುಲ ಮಳೆ ಬೀಳುವ ಊರಿನಲ್ಲಿ ಮನೆ ಕೊಳ್ಳುವವರು ಗ್ರಾನೈಟ್ ಕೌಂಟರ್‌ಟಾಪ್ ನೋಡಿ ನೀರಿನ ಪ್ರಶ್ನೆಯನ್ನೇ ಮರೆಯುವುದು ಕಂಡರೆ ನನಗೆ ಆತಂಕವಾಗುತ್ತದೆ. ಬೆಂಗಳೂರಿನಲ್ಲಿ ಟ್ಯಾಂಕರ್ ನೀರಿಗೆ ಕಾದು ಗೊತ್ತಿರುವ ನಾವೇ ಇದನ್ನು ಮೊದಲು ಕೇಳಬೇಕು.

1980ರ ಅಂತರ್ಜಲ ಕಾಯ್ದೆಯ ಚೌಕಟ್ಟಿನಲ್ಲಿ ಹೊಸ ಬಡಾವಣೆಗೆ 100 ವರ್ಷಕ್ಕೆ ಸಾಲುವ ನೀರಿನ ಖಾತರಿ ತೋರಿಸಬೇಕು. ಸಾಲ್ಟ್ ಮತ್ತು ವರ್ಡೆ ನದಿಗಳ ನೀರು, 336 ಮೈಲಿ ಉದ್ದದ ಕಾಲುವೆಯಲ್ಲಿ ಬರುವ ಕೊಲರಾಡೊ ನದಿಯ ನೀರು, ಅಂತರ್ಜಲ ಇವು ಮುಖ್ಯ ಮೂಲಗಳು. ಹಳೆಯ ನಗರಗಳಿಗೆ ಒಂದಕ್ಕಿಂತ ಹೆಚ್ಚು ಮೂಲವಿದೆ. ಅಂಚಿನ ಬೆಳೆಯುವ ಊರುಗಳು ಅಂತರ್ಜಲವನ್ನೇ ಹೆಚ್ಚು ನೆಚ್ಚಿಕೊಂಡಿದ್ದವು. 2023ರ ಜೂನ್‌ನಲ್ಲಿ ರಾಜ್ಯವು ಬರೀ ಅಂತರ್ಜಲದ ಆಧಾರದ ಮೇಲೆ ಫೀನಿಕ್ಸ್ ಪ್ರದೇಶದಲ್ಲಿ ಹೊಸ ಬಡಾವಣೆಗಳಿಗೆ ಅನುಮತಿ ಕೊಡುವುದನ್ನು ನಿಲ್ಲಿಸಿದಾಗ ಬಿಸಿ ತಟ್ಟಿದ್ದು ಬಕೈ, ಕ್ವೀನ್ ಕ್ರೀಕ್‌ಗಳಿಗೆ. ಆಗಲೇ ಒಪ್ಪಿಗೆ ಪಡೆದಿದ್ದ ಮನೆಗಳಿಗೆ ಇದರಿಂದ ತೊಂದರೆಯಿಲ್ಲ.

ನಿಜವಾದ ಅಪಾಯ ಇರುವುದು ಬಿಡಿ ನಿವೇಶನಗಳಲ್ಲಿ. ಜಮೀನನ್ನು ಐದು ಅಥವಾ ಅದಕ್ಕಿಂತ ಕಡಿಮೆ ತುಂಡು ಮಾಡಿ ಮಾರಿದರೆ ಆ 100 ವರ್ಷದ ನಿಯಮ ಅನ್ವಯಿಸುವುದಿಲ್ಲ. ಸ್ಕಾಟ್ಸ್‌ಡೇಲ್ ಪಕ್ಕದ ರಿಯೊ ವರ್ಡೆ ಫುಟ್‌ಹಿಲ್ಸ್‌ನಲ್ಲಿ ಹೀಗೆ ಎದ್ದ ಮನೆಗಳಲ್ಲಿ ಅನೇಕವು ಟ್ಯಾಂಕರ್ ನೀರಿನ ಮೇಲೆ ನಿಂತಿದ್ದವು. 2023ರ ಜನವರಿ 1ರಿಂದ ಸ್ಕಾಟ್ಸ್‌ಡೇಲ್ ನಗರ ಆ ಟ್ಯಾಂಕರ್‌ಗಳಿಗೆ ನೀರು ಕೊಡುವುದನ್ನು ನಿಲ್ಲಿಸಿತು.

ಹಾಗಾಗಿ ಕೇಳಬೇಕಾದ್ದು: ನೀರು ಪೂರೈಸುವವರು ಯಾರು, ನಗರವೋ ಖಾಸಗಿ ಕಂಪನಿಯೋ? ಬಾವಿಯೋ ಟ್ಯಾಂಕರೋ? ಹೊಸ ಬಡಾವಣೆಯಾದರೆ ರಾಜ್ಯದ ರಿಯಲ್ ಎಸ್ಟೇಟ್ ಇಲಾಖೆಯ ‘ಪಬ್ಲಿಕ್ ರಿಪೋರ್ಟ್’ ತರಿಸಿ ಓದಿ. ನೀರಿನ ಮೂಲ, ಹತ್ತಿರದ ವಿಮಾನ ನಿಲ್ದಾಣ ಎಲ್ಲ ಅದರಲ್ಲಿರುತ್ತದೆ. ‘ನೀರಿಗೇನೂ ತೊಂದರೆ ಇಲ್ಲ’ ಎಂಬ ಬಾಯಿಮಾತು ಬಂದರೆ ಕಾಗದ ಕೇಳಿ. ಕಾಗದ ಬರದಿದ್ದರೆ ಆ ಮನೆಯನ್ನು ಕೈಬಿಡಿ.

## 6. ಬಿಸಿಲು, ಎಸಿ, ಕರೆಂಟ್: ಮನೆಯ ಒಳಗೆ ಕಾಲಿಡುವ ಹಂತ

2023ರಲ್ಲಿ ಇಲ್ಲಿ ಸತತ 31 ದಿನ ತಾಪಮಾನ 110 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 43 ಸೆಲ್ಸಿಯಸ್) ಅಥವಾ ಅದಕ್ಕೂ ಹೆಚ್ಚಿತ್ತು. 2024ರಲ್ಲಿ ಸತತ 113 ದಿನ 100 ಫ್ಯಾರನ್‌ಹೀಟ್ ಮುಟ್ಟಿತು. 2023ರಲ್ಲಿ ಮ್ಯಾರಿಕೋಪಾ ಕೌಂಟಿಯಲ್ಲಿ ಬಿಸಿಲಿನ ಕಾರಣಕ್ಕೆ 645 ಜನ ಸತ್ತರು. ಬಳ್ಳಾರಿ, ರಾಯಚೂರಿನ ಬಿಸಿಲು ಕಂಡವರೂ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇಲ್ಲಿ ಎಸಿ ಎಂದರೆ ಜೀವರಕ್ಷಣೆಯ ಸಾಧನ.

ಮೊದಲು ಮನೆಯ ಮುಖ ನೋಡಿ. ನಮ್ಮವರು ವಾಸ್ತು ನೋಡಿ ಪೂರ್ವದ ಬಾಗಿಲು ಕೇಳುತ್ತಾರೆ. ಇಲ್ಲಿನ ಮನೆಗಳಲ್ಲಿ ದೊಡ್ಡ ಗಾಜಿನ ಬಾಗಿಲು, ಕಿಟಕಿ, ಹಿತ್ತಿಲ ಪ್ಯಾಟಿಯೊ (ಹೊರಗೆ ಕೂರುವ ಜಾಗ) ಎಲ್ಲ ಹಿಂಬದಿಗಿರುತ್ತವೆ. ಬಾಗಿಲು ಪೂರ್ವಕ್ಕಾದರೆ ಆ ಗಾಜೆಲ್ಲ ಪಶ್ಚಿಮಕ್ಕೆ. ಮಧ್ಯಾಹ್ನ ಎರಡರಿಂದ ಸೂರ್ಯ ಮುಳುಗುವವರೆಗೆ ಹಾಲ್ ಕಾಯುತ್ತದೆ, ಎಸಿ ನಿಲ್ಲುವುದೇ ಇಲ್ಲ. ಉತ್ತರದ ಬಾಗಿಲೂ ವಾಸ್ತುವಿಗೆ ಒಪ್ಪಿಗೆಯಾದದ್ದೇ. ಅದನ್ನು ಹುಡುಕಿ. ಆಗ ಹಿಂಬದಿ ದಕ್ಷಿಣಕ್ಕೆ ಬರುತ್ತದೆ. ಬೇಸಿಗೆಯ ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲಿರುವುದರಿಂದ ಪ್ಯಾಟಿಯೊದ ಮಾಡು ನೆರಳು ಕೊಡುತ್ತದೆ, ಚಳಿಗಾಲದಲ್ಲಿ ಸೂರ್ಯ ತಗ್ಗಿದಾಗ ಹಿತವಾದ ಬಿಸಿಲು ಒಳಗೆ ಬರುತ್ತದೆ. ‘ಉತ್ತರ-ದಕ್ಷಿಣ ಎಕ್ಸ್‌ಪೋಷರ್’ ಎಂದು ಏಜೆಂಟರು ಲಿಸ್ಟಿಂಗ್‌ನಲ್ಲಿ ಹೆಮ್ಮೆಯಿಂದ ಬರೆಯುವುದು ಇದನ್ನೇ. ಫೋನಿನ ದಿಕ್ಸೂಚಿ ಹಿಡಿದು ನೀವೇ ಖಚಿತಪಡಿಸಿಕೊಳ್ಳಿ.

ಅಪಾರ್ಟ್‌ಮೆಂಟ್ ಆದರೆ ಮೇಲಿನ ಮಹಡಿಯ ಪಶ್ಚಿಮ ಮೂಲೆಯ ಮನೆ ಬೇಡ. ಕೆಳಗೂ ಮೇಲೂ ಮನೆಗಳಿರುವ, ಉತ್ತರಕ್ಕೆ ತೆರೆಯುವ ಘಟಕ ಕೇಳಿ. ಮಾಡು ಇರುವ ಪಾರ್ಕಿಂಗ್ ಬಾಡಿಗೆಯಲ್ಲೇ ಸೇರಿದೆಯೇ ಎಂದು ಕೇಳುವುದನ್ನು ಮರೆಯಬೇಡಿ.

ಎಸಿ ಪರೀಕ್ಷೆ. ಮನೆ ನೋಡಲು ಸಂಜೆ ನಾಲ್ಕಕ್ಕೆ ಹೋಗಿ, ಬೆಳಗ್ಗೆ ಅಲ್ಲ. ಎಸಿ ಹತ್ತು ಹದಿನೈದು ನಿಮಿಷ ಓಡಿದ ಮೇಲೆ ಥರ್ಮಾಮೀಟರನ್ನು ಮೊದಲು ಗಾಳಿ ಒಳಕ್ಕೆ ಎಳೆಯುವ ದೊಡ್ಡ ಜಾಲರಿಯ ಬಳಿ, ಆಮೇಲೆ ತಂಪುಗಾಳಿ ಬರುವ ರಂಧ್ರದ ಬಳಿ ಹಿಡಿಯಿರಿ. ಸುಮಾರು 15ರಿಂದ 20 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸವಿದ್ದರೆ ಸರಿ. ಹತ್ತಕ್ಕಿಂತ ಕಡಿಮೆ ಇದ್ದರೆ ದುರಸ್ತಿ ಮಾಡಿಸಿಕೊಡದೆ ಸಹಿ ಇಲ್ಲ ಎನ್ನಿ. ಹೊರಗಿನ ಯಂತ್ರದ ಫಲಕದಲ್ಲಿ ತಯಾರಾದ ವರ್ಷ ಇರುತ್ತದೆ. ಇಲ್ಲಿನ ದುಡಿತಕ್ಕೆ 10-15 ವರ್ಷ ಮೀರಿದ ಯಂತ್ರ ಯಾವ ಜುಲೈನಲ್ಲಾದರೂ ಕೈಕೊಡಬಹುದು. ಆ ತಿಂಗಳಲ್ಲಿ ರಿಪೇರಿಯವರು ಸುಲಭವಾಗಿ ಸಿಗುವುದಿಲ್ಲ.

ಕರೆಂಟ್ ಯಾರದು? ಎಸ್‌ಆರ್‌ಪಿ ಮತ್ತು ಎಪಿಎಸ್ ಎಂದು ಎರಡು ದೊಡ್ಡ ಸಂಸ್ಥೆಗಳಿವೆ. ಯಾವುದು ಸಿಗುತ್ತದೆ ಎಂಬುದನ್ನು ವಿಳಾಸ ನಿರ್ಧರಿಸುತ್ತದೆ, ನೀವು ಆರಿಸುವಂತಿಲ್ಲ. ನೀವು ಆರಿಸುವುದು ಪ್ಲಾನ್ ಮಾತ್ರ, ಕೈ ಸುಟ್ಟುಕೊಳ್ಳುವುದೂ ಅಲ್ಲೇ. ಎಪಿಎಸ್‌ನ ಸಮಯಾಧಾರಿತ ಪ್ಲಾನ್‌ಗಳಲ್ಲಿ ಕೆಲಸದ ದಿನ ಸಂಜೆ 4ರಿಂದ 7ರವರೆಗೆ ದರ ಹೆಚ್ಚು. ಎಸ್‌ಆರ್‌ಪಿಯಲ್ಲಿ ಪ್ಲಾನಿಗೊಂದು ವೇಳೆ. ಎಪಿಎಸ್‌ನ ‘ಡಿಮ್ಯಾಂಡ್ ಚಾರ್ಜ್’ ಇರುವ ಪ್ಲಾನ್‌ನಲ್ಲಿ ತಿಂಗಳಿನ ದುಬಾರಿ ವೇಳೆಗಳಲ್ಲಿ ಯಾವುದೋ ಒಂದು ಗಂಟೆ ಅತಿ ಹೆಚ್ಚು ಬಳಸಿದ್ದನ್ನು ಹಿಡಿದು ಶುಲ್ಕ ಹಾಕುತ್ತಾರೆ. ಒಂದು ಸಂಜೆ ಐದಕ್ಕೆ ಎಸಿ, ಬಟ್ಟೆ ಒಣಗಿಸುವ ಡ್ರೈಯರ್, ಕರೆಂಟಿನ ಒಲೆ ಮೂರೂ ಒಟ್ಟಿಗೆ ಓಡಿದರೆ ಇಡೀ ತಿಂಗಳ ಬಿಲ್ಲು ಏರುತ್ತದೆ. ಸಂಜೆ ಅಡುಗೆ ಮಾಡುವ, ಮನೆಯಲ್ಲಿ ವಯಸ್ಸಾದವರಿರುವ ಕುಟುಂಬಕ್ಕೆ ಈ ಪ್ಲಾನ್ ಒಗ್ಗುವುದಿಲ್ಲ.

ಮಾಲೀಕರನ್ನೋ ಹಿಂದಿನ ಬಾಡಿಗೆದಾರರನ್ನೋ ಜುಲೈ ಮತ್ತು ಆಗಸ್ಟ್ ತಿಂಗಳ ಬಿಲ್ಲು ಕೇಳಿ. ವರ್ಷದ ಸರಾಸರಿ ಹೇಳಿ ಸಾಗಹಾಕಲು ನೋಡಿದರೆ ಒಪ್ಪಬೇಡಿ, ಆ ಎರಡು ತಿಂಗಳದ್ದೇ ಬೇಕು.

## 7. ಬಡಾವಣೆಯನ್ನು ಮೂರು ಹೊತ್ತಿನಲ್ಲಿ ಸುತ್ತಿ

ಒಮ್ಮೆ ಶಾಲೆ ಬಿಡುವ ಹೊತ್ತು, ಒಮ್ಮೆ ಸಂಜೆ, ಒಮ್ಮೆ ಕತ್ತಲಾದ ಮೇಲೆ.

ಸಂಜೆ ಜನ ಹೊರಗೆ ಬಂದಿದ್ದಾರೆಯೇ ನೋಡಿ. ಊರಿನಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬಂದರೆ ಅವರಿಗೆ ಕಾರು ಓಡಿಸಲು ಬರುವುದಿಲ್ಲ. ನೆರಳಿರುವ ಪಾರ್ಕು, ಮಾತಾಡಲು ನಾಲ್ಕು ಹಿರಿಯರು ನಡೆದುಹೋಗುವ ದೂರದಲ್ಲಿರಬೇಕು. ಅವರನ್ನು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕರೆಸಿಕೊಳ್ಳಿ. ಮಕ್ಕಳ ರಜೆ ಎಂದು ಜೂನ್‌ನಲ್ಲಿ ಕರೆಸಿದರೆ ಅವರು ನಾಲ್ಕು ಗೋಡೆಯ ನಡುವೆ ಸೊರಗುತ್ತಾರೆ. ಫೋನ್ ವಿಚಾರದಲ್ಲಿ ಒಂದು ಅನುಕೂಲವಿದೆ: ಫೀನಿಕ್ಸ್‌ನಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವುದಿಲ್ಲ, ಊರಿಗೂ ಇಲ್ಲಿಗೂ ವರ್ಷವಿಡೀ ಹನ್ನೆರಡೂವರೆ ಗಂಟೆಯದೇ ಅಂತರ.

ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹಿತ್ತಿಲ ಕಾಂಪೌಂಡ್ ಗೋಡೆ, ಗ್ಯಾರೇಜ್ ಮೂಲೆ ನೋಡಿ. ಅಲ್ಟ್ರಾವಯೊಲೆಟ್ ಬೆಳಕಿಗೆ ಚೇಳು ಹಸಿರಾಗಿ ಹೊಳೆಯುತ್ತದೆ. ಬಾರ್ಕ್ ಸ್ಕಾರ್ಪಿಯನ್ ಎಂಬ ಜಾತಿ ಇಲ್ಲಿ ಸಾಮಾನ್ಯ, ಅದರ ಕುಟುಕು ಚಿಕ್ಕ ಮಕ್ಕಳಿಗೆ ಅಪಾಯ. ಬೆಟ್ಟದ ತಪ್ಪಲು, ಒಣಹಳ್ಳ, ಹೊಸದಾಗಿ ನೆಲ ಅಗೆಯುತ್ತಿರುವ ಜಾಗಗಳ ಪಕ್ಕ ಹೆಚ್ಚು. ಒಂದೆರಡು ಕಂಡರೆ ಹೆದರಬೇಕಿಲ್ಲ. ಗೋಡೆ ತುಂಬ ಕಂಡರೆ ಪುಟ್ಟ ಮಕ್ಕಳಿರುವವರು ಬೇರೆ ಮನೆ ನೋಡಿ.

‘ವಾಶ್’ ಎಂದು ಕರೆಯುವ ಒಣಹಳ್ಳದ ಪಕ್ಕದ ಮನೆ ಫೆಬ್ರವರಿಯಲ್ಲಿ ರಮ್ಯವಾಗಿರುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 30ರ ಮಾನ್ಸೂನ್ ಅವಧಿಯಲ್ಲಿ ಅದೇ ಹಳ್ಳ ಅರ್ಧ ಗಂಟೆಯಲ್ಲಿ ತುಂಬಿ ಹರಿಯಬಲ್ಲದು. ಕೌಂಟಿಯ ಪ್ರವಾಹ ನಿಯಂತ್ರಣ ಡಿಸ್ಟ್ರಿಕ್ಟ್‌ನ ನಕ್ಷೆಯಲ್ಲಿ ವಿಳಾಸ ಹಾಕಿ ನೋಡಿ. ಮನೆಯಿಂದ ಮುಖ್ಯರಸ್ತೆಗೆ ಹೋಗಲು ಹಳ್ಳ ದಾಟಬೇಕೇ ಎಂಬುದನ್ನೂ ಗಮನಿಸಿ.

ಪಕ್ಕದಲ್ಲಿ ಬಯಲಿದ್ದರೆ ‘ಮುಂದೆ ಏನು ಬರುತ್ತದೆ’ ಎಂದು ನಗರದ ಯೋಜನಾ ವಿಭಾಗವನ್ನು ಕೇಳಿ. ಗೋದಾಮು, ಹೆದ್ದಾರಿ, ಇನ್ನೊಂದು ಬಡಾವಣೆ ಏನೂ ಬರಬಹುದು. ಕಟ್ಟುವ ವರ್ಷಗಳಲ್ಲಿ ಏಳುವ ದೂಳು ಇಲ್ಲಿ ಬರೀ ಕಿರಿಕಿರಿಯಲ್ಲ: ಮಣ್ಣಿನ ಶಿಲೀಂಧ್ರದಿಂದ ಶ್ವಾಸಕೋಶಕ್ಕೆ ತಗಲುವ ‘ವ್ಯಾಲಿ ಫೀವರ್’ ಈ ನಾಡಿನ ರೋಗ. ಉಬ್ಬಸ ಇರುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಗಿಡಮರ ಬೆಳೆದ ಹಳೆಯ ಬಡಾವಣೆಗೆ ಆದ್ಯತೆ ಕೊಡಿ. ವಾರಗಟ್ಟಲೆ ಬಿಡದ ಕೆಮ್ಮು ಬಂದರೆ ವೈದ್ಯರಿಗೆ ಈ ಜ್ವರದ ಹೆಸರು ಹೇಳಿ ಪರೀಕ್ಷೆ ಮಾಡಿಸಿ.

ಪಶ್ಚಿಮದಲ್ಲಿ ಮನೆ ನೋಡುವವರು ಲ್ಯೂಕ್ ವಾಯುನೆಲೆಯ ಸದ್ದಿನ ನಕ್ಷೆ ನೋಡಲೇಬೇಕು. ಎಫ್-35 ತರಬೇತಿ ಅಲ್ಲಿ ನಡೆಯುತ್ತದೆ. ಭಾನುವಾರ ನೋಡಲು ಹೋದರೆ ಆ ಸದ್ದು ತಿಳಿಯದೇ ಹೋದೀತು.

## 8. ಕಾಗದಗಳಲ್ಲಿ ಅಡಗಿರುವ ಮೂರು ಸಂಗತಿ

ವಯಸ್ಸಿನ ನಿರ್ಬಂಧ. ಇಂಟೆಲ್‌ನ ಒಕೊಟಿಯೊಗೆ ಹತ್ತಿರ, ಬೆಲೆಯೂ ಕಡಿಮೆ ಎಂದು ಸನ್ ಲೇಕ್ಸ್‌ನ ಮನೆಗಳು ಕಣ್ಣಿಗೆ ಬೀಳುತ್ತವೆ. ಅದು 55 ದಾಟಿದವರ ಕಮ್ಯುನಿಟಿ. 1960ರಲ್ಲಿ ಶುರುವಾದ ಸನ್ ಸಿಟಿಯೂ ಹಾಗೆಯೇ. ಮಕ್ಕಳಿರುವ ಕುಟುಂಬ ಅಲ್ಲಿ ನೆಲೆಸುವಂತಿಲ್ಲ. ಬೆಲೆ ಸುತ್ತಲಿಗಿಂತ ತೀರ ಕಡಿಮೆ ಕಂಡರೆ ಮೊದಲು ಇದನ್ನು ಕೇಳಿ.

ಎಚ್‌ಒಎ. ಹೊಸ ಬಡಾವಣೆಗಳಲ್ಲಿ ನಿವಾಸಿ ಸಂಘ ಇದ್ದೇ ಇರುತ್ತದೆ. ತಿಂಗಳ ಶುಲ್ಕ ಒಂದೇ ನೋಡಬೇಡಿ; ರಾತ್ರಿ ರಸ್ತೆಯಲ್ಲಿ ಕಾರು ನಿಲ್ಲಿಸಬಹುದೇ, ಮನೆ ಬಾಡಿಗೆಗೆ ಕೊಡಬಹುದೇ, ಮೀಸಲು ನಿಧಿ ಎಷ್ಟಿದೆ ಎಂದು ನಿಯಮಾವಳಿಯಲ್ಲಿ ಓದಿ. ಮುಂದೊಂದು ದಿನ ವೀಸಾ ಕಾರಣಕ್ಕೆ ಊರಿಗೆ ಮರಳಬೇಕಾಗಿ ಬಂದರೆ ಬಾಡಿಗೆಗೆ ಕೊಡುವ ಹಕ್ಕು ಬಹಳ ಮುಖ್ಯವಾಗುತ್ತದೆ.

ಸಿಎಫ್‌ಡಿ (ಕಮ್ಯುನಿಟಿ ಫೆಸಿಲಿಟೀಸ್ ಡಿಸ್ಟ್ರಿಕ್ಟ್). ಮೇಸಾದ ಈಸ್ಟ್‌ಮಾರ್ಕ್, ಬಕೈಯ ವೆರಾಡೊ, ಪಿಯೋರಿಯಾದ ವಿಸ್ಟಾನ್ಸಿಯಾದಂಥ ಕಡೆ ರಸ್ತೆ, ಕೊಳವೆ ಹಾಕಲು ಎತ್ತಿದ ಸಾಲವನ್ನು ಆಸ್ತಿ ತೆರಿಗೆಯ ಜೊತೆ ನಿವಾಸಿಗಳೇ ತೀರಿಸುತ್ತಾರೆ. ಎಚ್‌ಒಎ ಶುಲ್ಕ ಬೇರೆ, ಇದು ಬೇರೆ. ಕಳೆದ ವರ್ಷದ ತೆರಿಗೆ ರಸೀದಿ ತರಿಸಿ ಸಾಲುಸಾಲಾಗಿ ನೋಡಿ.

## 9. ಮೊದಲ ಬೇಸಿಗೆ ಬಾಡಿಗೆಯಲ್ಲೇ ಕಳೆಯಿರಿ

ಕೊಳ್ಳುವ ಶಕ್ತಿ ಇದ್ದರೂ ಒಂದು ಬೇಸಿಗೆ ಬಾಡಿಗೆಗಿರಿ ಎಂದು ಎಲ್ಲರಿಗೂ ಹೇಳುತ್ತೇನೆ. ಲೀಸ್ ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಮುಗಿಯುವಂತೆ ಮಾಡಿಕೊಂಡರೆ ಬಿಸಿಲಿನ ಹೊತ್ತಿನಲ್ಲೇ ಮನೆ ನೋಡುವ ಅವಕಾಶ ಸಿಗುತ್ತದೆ. ಆರಂಭದ ವಾರಗಳಿಗೆ ಪೀಠೋಪಕರಣ ಸಹಿತ ಮನೆ ಬೇಕಿದ್ದರೆ ಜನವರಿ-ಮಾರ್ಚ್ ತಪ್ಪಿಸಿ; ಚಳಿ ರಾಜ್ಯಗಳಿಂದ ಬರುವವರಿಂದಾಗಿ ಆಗ ಬಾಡಿಗೆ ಏರಿರುತ್ತದೆ.

ಅರಿಜೋನಾ ಕಾನೂನಿನಲ್ಲಿ ಭದ್ರತಾ ಠೇವಣಿ ಒಂದೂವರೆ ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. 2025ರ ಜನವರಿ 1ರಿಂದ ವಾಸದ ಬಾಡಿಗೆಯ ಮೇಲಿನ ನಗರ ತೆರಿಗೆ ರದ್ದಾಗಿದೆ. ಲೀಸ್‌ನಲ್ಲಿ ಆ ಸಾಲು ಇನ್ನೂ ಇದ್ದರೆ ತೆಗೆಸಿ. ಫೀನಿಕ್ಸ್ ನಗರದೊಳಗೆ ಮಾಲೀಕರು ಕೊಟ್ಟ ಎಸಿ ಮನೆಯನ್ನು 82 ಡಿಗ್ರಿ ಫ್ಯಾರನ್‌ಹೀಟ್‌ವರೆಗಾದರೂ ತಣಿಸಬೇಕೆಂಬ ನಿಯಮವಿದೆ. ಎಸಿ ಕೆಟ್ಟರೆ ಫೋನ್ ಮಾಡಿ ಸುಮ್ಮನಾಗದೆ ಅದೇ ದಿನ ಬರವಣಿಗೆಯಲ್ಲಿ ದೂರು ಕೊಡಿ, ದುರಸ್ತಿಯ ಗಡುವು ಎಣಿಕೆಯಾಗುವುದು ಆ ಲಿಖಿತ ಸೂಚನೆಯಿಂದ.

ಕೊಳ್ಳುವ ಹೊತ್ತು ಬಂದಾಗ ಇಲ್ಲಿ ಸಾಮಾನ್ಯವಾಗಿ ಬಳಸುವ ಕರಾರಿನಲ್ಲಿ ತಪಾಸಣೆಗೆ 10 ದಿನ ಇರುತ್ತದೆ. ಮಾಡು, ಎಸಿ, ಗೆದ್ದಲು ಈ ಮೂರನ್ನು ತಪಾಸಣೆಗಾರರಿಂದ ನೋಡಿಸಿ. ಬಿಲ್ಡರ್‌ನ ಹೊಸ ಮನೆಯಾದರೂ ನೋಡಿಸಿ. ‘ಹೊಸ ಮನೆಗೆ ತಪಾಸಣೆ ಯಾಕೆ’ ಎಂದು ಮಾರಾಟದವರು ಅವಸರ ಮಾಡಿದರೆ, ತಪಾಸಣೆಗಾರರು ಮಾಡಿನ ಕೆಳಗಿನ ಅಟ್ಟವನ್ನು ಏರಿ, ಬಿಸಿ ತಡೆಯುವ ಇನ್ಸುಲೇಷನ್ ಎಲ್ಲ ಮೂಲೆಗೂ ಹರಡಿದೆಯೇ ಎಂದು ಫೋಟೊ ತೆಗೆದು ಕೊಡುವವರೆಗೆ ಕಾಯಿರಿ.